ಮಗಳ ಕಾಯಿಲೆ ಹೊತ್ತ ಅನಾರ್ಕಾನ್

ಅಕ್-ಬುಲುನ್ ಊರಿನ ಸ್ನಾನದ ಮನೆಯಲ್ಲಿ ಟಿಕೆಟ್ ಹರಿಯುತ್ತಿದ್ದ ಅನಾರ್ಕಾನ್‌ಳ ಬಾಯಿಗೆ ಹೆದರದ ಹೆಂಗಸು ಆ ಕಣಿವೆಯಲ್ಲಿ ಇರಲಿಲ್ಲ. ಚಳಿಗಾಲ ಬಂತೆಂದರೆ ಮನೆಮನೆಯ ಕೊಳಾಯಿ ಕಲ್ಲಾಗುವ ಊರು ಅದು. ಮೈ ತೊಳೆಯಬೇಕೆಂದರೆ ಎಂಥ ದೊಡ್ಡ ಮನುಷ್ಯರ ಹೆಂಡತಿಯೂ ಅವಳ ಕಿಟಕಿಯ ಮುಂದೆ ಬಂದು ನಿಲ್ಲಲೇಬೇಕು. “ಏನಮ್ಮಾ, ಹೋದ ವಾರ ಪತ್ತೇನೇ ಇಲ್ಲ! ಮಗಳ ಮದುವೆಗೆ ಅಂತ ಕೊಳೆ ಕೂಡಿಡ್ತಾ ಇದ್ದೀಯಾ?” ಎಂದು ಅವಳು ಕೇಳಿದರೆ ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಯಾರ ಬೆನ್ನ ಮೇಲೆ ಗಂಡನ ಬೆಲ್ಟಿನ ಬಾಸುಂಡೆ ಇದೆ, ಯಾರು ಹೇಳದೆ ಬಸುರಾಗಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಆದರೆ ಅದರಲ್ಲಿ ಒಂದು ಮಾತೂ ಹೊರಗೆ ಬಿದ್ದದ್ದಿಲ್ಲ. ಹೀಗೆ ಊರಿನ ಗುಟ್ಟನ್ನೆಲ್ಲ ಅರಗಿಸಿಕೊಂಡವಳಿಗೆ ತನ್ನ ಮನೆಯದೇ ಒಂದು ಗುಟ್ಟು ಗಂಟಲಿಗೆ ಸಿಕ್ಕಿಕೊಂಡಿತು.

ಒಬ್ಬಳೇ ಮಗಳು, ಕನಿಷಾಯ್. ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ, ಜೋರಾಗಿ ಮಾತಾಡಿದರೆ ಕೆಂಪಾಗುವ ಹುಡುಗಿ. ಬೇಸಿಗೆಯ ಕೊನೆಗೆ ನದಿಯಾಚೆ ಹಳ್ಳಿಯಿಂದ ಸಲ್ತನಾತ್ ಎಂಬ ಹೆಂಗಸು ತನ್ನ ಮಗನಿಗೆ ಹೆಣ್ಣು ಕೇಳಿ ಬಂದು, ಹಿಟ್ಟು ಸಕ್ಕರೆ ಇಳಿಸಿ, ಕನಿಷಾಯ್‌ಳ ಕಿವಿಗೆ ತನ್ನ ಕೈಯಾರೆ ಬೆಳ್ಳಿಯ ಓಲೆ ಹಾಕಿ ಹೋದಳು. ಓಲೆ ಹಾಕಿದರೆ ಅಲ್ಲಿಗೆ ಆಯಿತು, ಹುಡುಗಿ ಆ ಮನೆಯವಳೇ. ವಸಂತ ಬಂದ ಮೇಲೆ ಕಳಿಸಿಕೊಡುವುದೆಂದು ಮಾತಾಯಿತು.

ಸೆಪ್ಟೆಂಬರಿನಲ್ಲಿ ಕನಿಷಾಯ್ ಕೆಲಸ ಬಿಟ್ಟಳು. ಗೋಡೆಗೆ ಕಿವಿಗೊಟ್ಟು ಕೂರತೊಡಗಿದಳು. ಒಂದು ದಿನ ರೊಟ್ಟಿ ಮುರಿದವಳು ಕೈ ಸುಟ್ಟಂತೆ ಎಸೆದುಬಿಟ್ಟಳು. ರೊಟ್ಟಿ ನೆಲಕ್ಕೆ ಬಿದ್ದರೆ ಎತ್ತಿ ಹಣೆಗೊತ್ತಿಕೊಳ್ಳುವ ಜನ ಅವರು. ಅಪ್ಪ ಸೋವೆತ್‌ಬೆಕ್‌ನ ಕೈ ಮೇಲೆದ್ದಿತ್ತು, ಅನಾರ್ಕಾನ್ ಅಡ್ಡ ಬಂದಳು.

“ಅದರೊಳಗೆ ಯಾರೋ ಮಾತಾಡ್ತಾರೆ ಅಪಾ,” ಎಂದಳು ಮಗಳು. ಅಮ್ಮನನ್ನು ಅಲ್ಲಿ ಅಪಾ ಎಂದೇ ಕರೆಯುವುದು. “ಗೋಡೇಲಿ ಇಬ್ಬರಿದ್ದಾರೆ. ನನ್ನ ಉಸಿರು ಎಣಿಸ್ತಾರೆ.”

ಆ ರಾತ್ರಿಯಿಂದ ಅನಾರ್ಕಾನ್ ಮಗಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಳು.

ಮೊದಲು ಮುಲ್ಲಾ ಬಂದು ಓದಿ ಊದಿದ. ಆಮೇಲೆ ಕಣಿ ಹೇಳುವ ಬಾತ್ಮಾ ಬಂದಳು. ಹುಡುಗಿಯ ನಾಡಿ ಹಿಡಿದು, ದೊಡ್ಡದಾಗಿ ಆಕಳಿಸಿ, “ಕಾಯಿಲೆ ಅಲ್ಲ ಕಣೇ ಇದು! ಹಿರೀಕರು ಕರೀತಾ ಇದ್ದಾರೆ. ಇವಳು ನನ್ನ ಹಾಗೆ ಆಗೋಳು. ಪೀರರ ಗೋರಿಗೆ ಕರ್ಕೊಂಡು ಹೋಗಿ ಒಪ್ಪಿಸಿಬಿಡಿ,” ಎಂದಳು. ಕುರಿ ಕಡಿದದ್ದೂ ಆಯಿತು, ಗೋರಿಯ ಪಕ್ಕದ ಚಿಲುಮೆಯ ಮಂಜುಗಡ್ಡೆಯಂಥ ನೀರಿನಲ್ಲಿ ಹುಡುಗಿಯನ್ನು ಮುಳುಗಿಸಿದ್ದೂ ಆಯಿತು. ವಾಪಸು ಬರುವಾಗ ಕನಿಷಾಯ್ ಬಾಯಿ ಬಿಡಲಿಲ್ಲ. “ನೋಡಿದ್ಯಾ, ಸಮಾಧಾನ ಆಗಿದ್ದಾಳೆ. ಸರಿ ಹೋದ್ಲು,” ಎಂದ ಸೋವೆತ್‌ಬೆಕ್. ರಾಜಧಾನಿಗೆ ವ್ಯಾನು ಓಡಿಸುವವನು, ವಾರದಲ್ಲಿ ಐದು ದಿನ ಮನೆಯಲ್ಲಿರುವುದಿಲ್ಲ. ಮಗಳು ಸರಿಹೋದಳೆಂದು ಒಂದು ಸಲ ನಂಬಿದ ಮೇಲೆ ಮತ್ತೆ ಆ ಕಡೆ ನೋಡಲೇ ಇಲ್ಲ. ಗಂಡಸರಿಗೆ ಈ ವಿದ್ಯೆ ಅದೆಲ್ಲಿಂದ ಬರುತ್ತದೋ!

ಸ್ನಾನದ ಮನೆಯ ಒಲೆಗೆ ಕಲ್ಲಿದ್ದಲು ಹಾಕುವ ರಖಾತ್ ಎಂಬವಳಿಗೆ ಮಾತ್ರ ಅನಾರ್ಕಾನ್ ಅರ್ಧ ಹೇಳಿದಳು. ನಂಟರ ಹುಡುಗಿಯೊಬ್ಬಳಿಗೆ ಹೀಗಂತೆ ಎಂದು.

“ಆಸ್ಪತ್ರೆ ಹಿಂದುಗಡೆ ಹಳದಿ ಕಟ್ಟಡ ಇಲ್ವಾ ಎಜೆ, ಅಲ್ಲಿ ಅಸಿಪಾ ಅಂತ ಡಾಕ್ಟರಮ್ಮ ಇದ್ದಾರೆ. ಮಾತ್ರೆ ಕೊಡ್ತಾರೆ. ನಮ್ಮ ಮೈದುನ ಸರಿ ಹೋದ,” ಎಂದಳು ರಖಾತ್. ಅಕ್ಕ ಎನ್ನುವುದಕ್ಕೆ ಅಲ್ಲಿ ಎಜೆ ಎನ್ನುತ್ತಾರೆ. ಮತ್ತೆ ಸುತ್ತ ನೋಡಿ ದನಿ ತಗ್ಗಿಸಿದಳು. “ಆದ್ರೆ ಮದುವೆ ಆಗದ ಹುಡುಗಿ ಅಂದ್ರೆ ಬೇಡಪ್ಪಾ. ಅಲ್ಲಿ ಒಂದ್ಸಲ ಹೆಸರು ಬರೆಸಿದ್ರೆ ಮುಗೀತು. ಸಾಯೋವರೆಗೂ ಹುಚ್ಚಿ ಅಂತಾನೇ. ಯಾವ ಮನೆಯವರು ಹೊಸಲು ದಾಟಿಸ್ತಾರೆ?”

ಅವತ್ತು ಸಂಜೆ ಅನಾರ್ಕಾನ್ ನಿದ್ದೆ ಹೋಗಿದ್ದ ಮಗಳ ಹಾಸಿಗೆಯ ಸುತ್ತ ಮೂರು ಸುತ್ತು ಬಂದಳು. ನಿನಗೆ ಬಂದದ್ದು ನನಗೆ ಬರಲಿ ಎಂದು ಹೆತ್ತವರು ಸುತ್ತು ಬರುವುದು ಅಲ್ಲಿನ ಪದ್ಧತಿ. ಎಲ್ಲ ತಾಯಂದಿರೂ ಬರುತ್ತಾರೆ, ಬಂದು ಸುಮ್ಮನಾಗುತ್ತಾರೆ. ಇವಳು ಸುಮ್ಮನಾಗಲಿಲ್ಲ. ಮಾರನೆಯ ದಿನ ಶಾಲು ಹೊದ್ದು ನೇರ ಹಳದಿ ಕಟ್ಟಡಕ್ಕೆ ಹೋದಳು.

“ಯಾರಿಗೆ ಹುಷಾರಿಲ್ಲ?” ಎಂದರು ಡಾಕ್ಟರ್ ಅಸಿಪಾ.

“ನನಗೇ.”

“ಏನಾಗುತ್ತೆ ಎಜೆ?”

“ಗೋಡೆಯೊಳಗೆ ಇಬ್ಬರು ಗಂಡಸರು ಕೂತು ನನ್ನ ಉಸಿರು ಎಣಿಸ್ತಾರೆ ಡಾಕ್ಟರೇ. ರೊಟ್ಟಿ ಮುರಿದ್ರೆ ಒಳಗಿಂದ ಹೆಸರು ಹಿಡಿದು ಕೂಗ್ತಾರೆ.”

ಸುಳ್ಳು ಹೇಳಲು ಬಂದವಳು, ಆ ಮಾತು ತನ್ನ ಬಾಯಿಂದಲೇ ಹೊರಬಿದ್ದಾಗ ನಡುಗಿಹೋದಳು. ತನ್ನ ಕೂಸು ಹಗಲೂ ರಾತ್ರಿ ಹೊರುತ್ತಿರುವುದು ಇದನ್ನೇ ಅಲ್ಲವೇ ಎಂದು ಆಗ ಹೊಳೆಯಿತು. ಅಳು ಉಕ್ಕಿ ಬಂತು. ಆ ಅಳುವಿನಲ್ಲಿ ಒಂದಿಷ್ಟೂ ನಾಟಕವಿರಲಿಲ್ಲ, ಹಾಗಾಗಿ ಡಾಕ್ಟರು ಪೂರ್ತಿ ನಂಬಿದರು.

ಒಳ್ಳೆಯ ಹೆಂಗಸು ಆ ಅಸಿಪಾ. ಮಾತ್ರೆ ಕೊಟ್ಟು, “ಗುರುವಾರ ಮನೆಯವರನ್ನೂ ಕರ್ಕೊಂಡು ಬನ್ನಿ,” ಎಂದರು. “ಕಾಯಿಲೆಯವರ ಮನೆಮಂದಿಯೆಲ್ಲ ಇಲ್ಲಿ ಸೇರ್ತಾರೆ. ಚಾ ಕುಡೀತೀವಿ, ಅಳ್ತೀವಿ, ಜಗಳಾನೂ ಆಡ್ತೀವಿ. ಒಬ್ಬರೇ ಹೊರೋ ಹೊರೆ ಅಲ್ಲ ಇದು.”

“ನನಗೆ ಯಾರೂ ಇಲ್ಲ,” ಎಂದಳು ಅನಾರ್ಕಾನ್.

ಆದರೂ ಒಂದು ಗುರುವಾರ ಮನಸ್ಸು ತಡೆಯದೆ ಆ ಕೋಣೆಯ ಬಾಗಿಲವರೆಗೆ ಹೋಗಿದ್ದಳು. ಒಳಗೆ ಯಾರೋ ನಗುತ್ತಿದ್ದರು. ಹುಚ್ಚರ ಮನೆಯವರು ನಗುತ್ತಾರೆಯೇ ಎಂದು ಅವಳಿಗೆ ಆಶ್ಚರ್ಯ. ಎಲ್ಲ ಹೇಳಿಬಿಡೋಣ, ಏನಾದರಾಗಲಿ ಎಂದು ಬಾಗಿಲಿಗೆ ಕೈ ಹಾಕಿದಳು. ಸಂದಿಯಲ್ಲಿ ಕಂಡದ್ದು ಸಲ್ತನಾತ್‌ಳ ಹಳ್ಳಿಯ ಹಾಲು ಮಾರುವ ಹೆಂಗಸು. ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿಬಿಟ್ಟಳು. ಆ ಹಾಲಿನವಳೂ ತನ್ನ ಮನೆಯ ಯಾರನ್ನೋ ಹೊತ್ತುಕೊಂಡೇ ಅಲ್ಲಿಗೆ ಬಂದಿದ್ದಾಳೆ ಎಂಬ ಸಣ್ಣ ವಿಷಯ ಆಗ ಹೊಳೆಯಲಿಲ್ಲವಲ್ಲ! ಅಲ್ಲೇ ಎಲ್ಲ ಕೆಟ್ಟದ್ದು.

ಮಾತ್ರೆಗಳನ್ನು ಅರೆದು ಮಗಳ ಸಾರಿಗೆ ಬೆರೆಸಿದಳು. ಮಗಳಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಡಿಸೆಂಬರಿನ ಹೊತ್ತಿಗೆ ಕನಿಷಾಯ್ ರೊಟ್ಟಿ ತಿಂದಳು. ಜನವರಿಯಲ್ಲಿ ಒಂದು ಬೆಳಗ್ಗೆ ಹಿಟ್ಟು ನಾದುತ್ತಾ ಮಕ್ಕಳ ಹಾಡೊಂದನ್ನು ಗುನುಗಿದಳು. ಅನಾರ್ಕಾನ್ ಕೊಟ್ಟಿಗೆಗೆ ಓಡಿಹೋಗಿ ಹಸುವಿನ ಕುತ್ತಿಗೆ ತಬ್ಬಿಕೊಂಡು ಮನಸಾರೆ ಅತ್ತಳು.

ಊರಿನಲ್ಲಿ ಮಾತ್ರ ಸುದ್ದಿ ಹರಡಿತ್ತು: ಟಿಕೆಟ್ ಅನಾರ್ಕಾನ್‌ಗೆ ತಲೆ ಕೆಟ್ಟಿದೆಯಂತೆ, ಹಳದಿ ಕಟ್ಟಡಕ್ಕೆ ಹೋಗುತ್ತಾಳಂತೆ. ಹೆಂಗಸರು ಕಿಟಕಿಯ ಬಳಿ ಮಕ್ಕಳ ಕೈ ಬಿಗಿಯಾಗಿ ಹಿಡಿಯತೊಡಗಿದರು. ಅವಳು ತಮಾಷೆ ಮಾಡಿದರೆ ಯಾರೂ ನಗರು. ಕೊನೆಗೆ ಮ್ಯಾನೇಜರು ಅವಳನ್ನು ಕಿಟಕಿಯಿಂದ ಎಬ್ಬಿಸಿ, ಹಿಂದೆ ನೆಲ ತೊಳೆಯಲು ಹಾಕಿದ. “ಹಾಕ್ಲಿ ಬಿಡು,” ಎಂದಳು ರಖಾತ್‌ಗೆ. “ನನಗೇನು ಓಲೆ ಹಾಕೋಕೆ ಬರ್ತಾರಾ ಇನ್ನು?” ನದಿಯಾಚೆಯ ಸಲ್ತನಾತ್ ಮಾತ್ರ, ತಾನು ಓಲೆ ಹಾಕಿದ್ದು ತಾಯಿಗಲ್ಲವಲ್ಲ ಎಂದು ಮಾತು ಮುರಿಯಲಿಲ್ಲ.

ಫೆಬ್ರವರಿಯಲ್ಲಿ ಕನಿಷಾಯ್‌ಳ ಕೈ ನಡುಗಲು ಶುರುವಾಯಿತು. ಚಾ ಬಟ್ಟಲು ಹಿಡಿದರೆ ತುಳುಕುತ್ತಿತ್ತು. ಅನಾರ್ಕಾನ್ ಡಾಕ್ಟರ ಬಳಿ ಹೋಗಿ, “ನನ್ನ ಕೈ ನಡುಗುತ್ತೆ,” ಎಂದಳು.

“ಎಲ್ಲಿ, ಚಾಚಿ.”

ಚಾಚಿದಳು. ಮೂವತ್ತು ವರ್ಷ ಮನೆಯ ಒದ್ದೆ ಬಟ್ಟೆ ಹಿಂಡಿದ ಕೈ, ಕಂಬದ ಹಾಗೆ ನಿಂತಿತು. ನಡುಗಿಸಬೇಕೆಂದು ತಡವಾಗಿ ನೆನಪಾಗಿ ಒಂದಿಷ್ಟು ಅಲ್ಲಾಡಿಸಿದಳು. ಡಾಕ್ಟರು ಅವಳ ಮುಖವನ್ನೇ ನೋಡಿದರು.

“ನೀವು ಮಾತ್ರೆ ನುಂಗ್ತಾ ಇಲ್ಲ ಎಜೆ. ನುಂಗಿದ್ರೆ ಕಣ್ಣಲ್ಲೇ ಗೊತ್ತಾಗುತ್ತೆ. ಬಯ್ಯಲ್ಲ, ತುಂಬ ಜನ ಬಿಸಾಕ್ತಾರೆ. ಇನ್ನು ಮಾತ್ರೆ ಬೇಡ. ತಿಂಗಳಿಗೊಂದು ಇಂಜೆಕ್ಷನ್, ಇಲ್ಲೇ ಬಂದು ಹಾಕಿಸ್ಕೊಂಡು ಹೋಗಿ.”

ಅಯ್ಯೋ ದೇವರೇ! ಬೇಡವೆಂದರೆ ಗುಟ್ಟು ಬಯಲು. ಹೌದೆಂದರೆ ಮದ್ದು ತನ್ನ ಮೈಗೆ. ಯೋಚಿಸುವಷ್ಟರಲ್ಲಿ ನರ್ಸು ಸೂಜಿ ಹಿಡಿದು ಬಂದಿದ್ದಳು. ಅನಾರ್ಕಾನ್ ತೋಳು ಕೊಟ್ಟಳು.

ಕಾಯಿಲೆಯಿಲ್ಲದ ಮೈಗೆ ಹೊಕ್ಕ ಆ ಮದ್ದು ಅವಳನ್ನು ಮರ ಮಾಡಿಹಾಕಿತು. ನಾಲಿಗೆ ದಪ್ಪವಾಯಿತು, ಬಾಯಿಂದ ಜೊಲ್ಲು ಇಳಿಯಿತು, ನೆಲ ತೊಳೆಯುತ್ತ ತೊಳೆಯುತ್ತ ಹಾಗೇ ನಿಂತುಬಿಡುವಳು. ಈಗ ಅನುಮಾನವಿದ್ದವರಿಗೂ ಖಾತ್ರಿಯಾಯಿತು. ಉಳಿದಿದ್ದ ಮಾತ್ರೆಗಳನ್ನು ಅರ್ಧರ್ಧ ಮಾಡಿ ಮಗಳಿಗೆ ಬೆರೆಸಿದಳು, ಆಮೇಲೆ ಕಾಲು ಭಾಗ. ಎರಡನೆಯ ಇಂಜೆಕ್ಷನ್ ಆದ ವಾರ ಅವೂ ಮುಗಿದವು. ಮಾರ್ಚ್ ನಡುವಿನ ಹೊತ್ತಿಗೆ ಕನಿಷಾಯ್ ಮತ್ತೆ ಗೋಡೆಗೆ ಕಿವಿ ಇಟ್ಟಳು. ಮದುವೆಗೆ ವಾರವೂ ಉಳಿದಿರಲಿಲ್ಲ.

ಕಾಲೆಳೆದುಕೊಂಡು ಅನಾರ್ಕಾನ್ ಡಾಕ್ಟರ ಮುಂದೆ ಹೋಗಿ ನಿಂತಳು. “ನನಗೆ ಏನೂ ಇಲ್ಲ. ಕಾಯಿಲೆ ನನ್ನ ಮಗಳಿಗೆ. ನಾನು ಹೇಳಿದ್ದೆಲ್ಲ ಅವಳದ್ದು. ಅವಳಿಗೆ ಮದ್ದು ಕೊಡಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ತನಗೇನೂ ಇಲ್ಲ, ಮನೆಯವರಿಗೇ ಹುಚ್ಚು ಎಂದು ಆ ಕುರ್ಚಿಯಲ್ಲಿ ಕೂತು ಹೇಳಿದವರೆಷ್ಟೋ. ಆದರೂ ಅವರಿಗೆ ಅನುಮಾನ ಬಂತು. ಸೋವೆತ್‌ಬೆಕ್‌ನನ್ನು ಕರೆಸಿದರು. ಅನಾರ್ಕಾನ್‌ಗೆ ಯಾರೂ ಇಲ್ಲವೆಂದು ತಿಳಿದಿದ್ದ ಅವರಿಗೆ, ಟೋಪಿ ಕೈಯಲ್ಲಿ ಹಿಡಿದು ಗಂಡನೊಬ್ಬ ಬಂದು ನಿಂತದ್ದೇ ಒಂದು ಆಶ್ಚರ್ಯ.

“ನಿಮ್ಮ ಮಗಳಿಗೆ ಹುಷಾರಿಲ್ವಾ?” ಎಂದು ನೇರವಾಗಿ ಕೇಳಿದರು. “ಸುಮ್ನೆ ಒಂದ್ಸಲ ಕರ್ಕೊಂಡು ಬನ್ನಿ, ನಾನು ಮಾತಾಡಿಸ್ತೀನಿ.”

ಅನಾರ್ಕಾನ್ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವತ್ತು ಬೆಳಗ್ಗೆ ತಾನೇ ಮಗಳು ಅವನ ಕೈಯಿಂದ ರೊಟ್ಟಿ ಕಿತ್ತು ಹೊರಗೆ ಎಸೆದಿದ್ದಳು. ಅವನ ಕಣ್ಣೆದುರಿಗೇ.

“ಇಲ್ಲ,” ಎಂದ ಸೋವೆತ್‌ಬೆಕ್. “ಮಗಳು ಚೆನ್ನಾಗಿದ್ದಾಳೆ. ವಾರದಲ್ಲಿ ಮದುವೆ. ಕೆಟ್ಟಿರೋದು ಇವಳ ತಲೆ.”

“ನನ್ನ ಕಣ್ಣು ನೋಡಿ ಹೇಳಿ!” ಎಂದು ಅವಳು ಕಿರುಚಿದಳು. ದಪ್ಪ ನಾಲಿಗೆಯಿಂದ ಹೊರಟದ್ದು ಬರಿಯ ಊಳು. ಅದನ್ನು ಕೇಳಿ ಡಾಕ್ಟರು ಗಂಡನ ಮಾತನ್ನೇ ನಂಬಿದರು.

ಮದುವೆ ಮುಗಿಯುವವರೆಗೆ ಅವಳನ್ನು ಅಲ್ಲೇ ಇಟ್ಟುಕೊಳ್ಳಿ ಎಂದು ಅವನೇ ಸಹಿ ಹಾಕಿದ. ಹೋಗುವಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳ ಹತ್ತಿರ ಬಂದು, “ಗಂಡನ ಮನೆ ಸೇರಿದ್ರೆ ಸರಿ ಹೋಗ್ತಾಳೆ ಕಣೇ. ಒಂದು ಮಗು ಆದ್ರೆ ಎಲ್ಲ ಮರೀತಾಳೆ. ನೀನು ಸುಮ್ನಿರು, ಕೈ ಮುಗೀತೀನಿ,” ಎಂದ. ಅವನ ಕಣ್ಣಲ್ಲೂ ನೀರಿತ್ತು. ಏನು ಮಾಡೋಣ ಆ ನೀರನ್ನು ಇಟ್ಟುಕೊಂಡು?

ಹೆತ್ತವಳಿಲ್ಲದೆ ಕನಿಷಾಯ್‌ಳನ್ನು ಬಿಳಿ ಶಾಲು ಹೊದಿಸಿ ನದಿ ದಾಟಿಸಿದರು. ಅನಾರ್ಕಾನ್ ವಾರ್ಡಿನ ಕಬ್ಬಿಣದ ಮಂಚದಲ್ಲಿ ಕೂತು ದಿನ ಕಳೆದಳು. ಊಟ ತಂದವರನ್ನೆಲ್ಲ ಆಚೆ ಹಳ್ಳಿಯ ಸುದ್ದಿ ಕೇಳುವಳು. ಯಾರೂ ಅವಳಿಗೆ ಸರಿಯಾಗಿ ಉತ್ತರ ಕೊಡಲಿಲ್ಲ.

ಮದುವೆ ಮುಗಿದರೂ ಅವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಹತ್ತು ದಿನ ಕಳೆದಿರಬಹುದು. ಬೆಳಗ್ಗೆ ವಾರ್ಡಿನ ಬಾಗಿಲು ತೆರೆದು, ಕಂಬಳಿಯಲ್ಲಿ ಸುತ್ತಿದ ಒಬ್ಬಳನ್ನು ಇಬ್ಬರು ಗಂಡಸರು ಎತ್ತಿ ತಂದು ಮಂಚದ ಮೇಲೆ ಮಲಗಿಸಿದರು. ಹಿಂದಿನ ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಬರಿಗಾಲಲ್ಲಿ ಹೊರಟು ಹಿಮದಲ್ಲಿ ಮೈಲಿಗಟ್ಟಲೆ ನಡೆದಿದ್ದಳಂತೆ, ಕುದುರೆ ಕಾಯುವವನ ಕಣ್ಣಿಗೆ ಬಿದ್ದಳಂತೆ. ಕಾಲಿನ ಬೆರಳುಗಳು ಕಪ್ಪಾಗಿದ್ದವು. ಹಿಂದಿನಿಂದ ಸಲ್ತನಾತ್ ಬಂದು ಹೊಸಲಿನ ಆಚೆಗೇ ನಿಂತಳು.

“ಹೆಸರೇನು? ಯಾರ ಮನೆಯವಳು?” ಎಂದು ನರ್ಸು ಕೇಳಿದಳು.

“ನಮಗೇನು ಗೊತ್ತಮ್ಮಾ,” ಎಂದಳು ಸಲ್ತನಾತ್. ಅವಳಿಗೂ ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳಿದ್ದರು. “ರಸ್ತೇಲಿ ಬಿದ್ದಿದ್ಲು. ಪುಣ್ಯಕ್ಕೆ ಅಂತ ತಂದ್ವಿ.”

ಅನಾರ್ಕಾನ್ ಮಂಚದಿಂದ ಎದ್ದಳು. ಗೋಡೆ ಹಿಡಿದುಕೊಂಡು ಬಂದಳು. ಮೊದಲ ಸಲ ನಾಲಿಗೆ ಹೊರಳಲಿಲ್ಲ. ಎರಡನೆಯ ಸಲ ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು.

“ಕನಿಷಾಯ್. ಸೋವೆತ್‌ಬೆಕ್ ಮಗಳು. ನಾನು ಹೆತ್ತವಳು. ಬರ್ಕೋ. ಸೆಪ್ಟೆಂಬರಿಂದ ಕಾಯಿಲೆ. ಬರ್ಕೋ ಅಂದ್ನಲ್ಲ!”

ಸಲ್ತನಾತ್ ಶಾಲಿನ ತುದಿ ಬಾಯಿಗೆ ಅಡ್ಡ ಹಿಡಿದು ಹೊರಟುಹೋದಳು. ಡಾಕ್ಟರ್ ಅಸಿಪಾ ಓಡಿ ಬಂದರು. ತಾಯಿಯನ್ನೂ ಮಗಳನ್ನೂ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಮಂಡಿಯೂರಿ ಹುಡುಗಿಯ ಕಾಲಿನ ಕಂಬಳಿ ಬಿಚ್ಚತೊಡಗಿದರು. ಬಲಗಾಲಿನ ಬೆರಳು ಒಂದೂ ಉಳಿಯುವಂತಿರಲಿಲ್ಲ.

ಕನಿಷಾಯ್ ಕಣ್ಣು ತೆರೆದಳು. ಆಸ್ಪತ್ರೆಯ ಅಂಗಿ ತೊಟ್ಟ ತಾಯಿಯನ್ನು ಬಹಳ ಹೊತ್ತು ನೋಡಿದಳು.

“ಅಪಾ, ನಿನಗೂ ಅವರು ಮಾತಾಡೋದು ಕೇಳಿಸುತ್ತಾ?”

“ಇಲ್ಲ ಮಗಳೇ,” ಎಂದಳು ಅನಾರ್ಕಾನ್. “ಅದು ಕಾಯಿಲೆ. ನಿನಗೆ ಬಂದಿರೋದು. ಇವರ ಹತ್ರ ಮದ್ದಿದೆ.”

“ಮದ್ದಿದೆಯಾ?” ಕನಿಷಾಯ್ ಕೋಣೆಯನ್ನೂ ಡಾಕ್ಟರನ್ನೂ ಒಮ್ಮೆ ನೋಡಿ ಮತ್ತೆ ತಾಯಿಯ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತಾ? ಮತ್ತೆ ನನ್ನ ಯಾಕೆ ಕರ್ಕೊಂಡು ಬರ್ಲಿಲ್ಲ ಅಪಾ?”