ಪೆಟ್ಟಿಗೆಯಲ್ಲಿ ಉಳಿದ ಹನ್ನೆರಡು ಎಲುಬು

ನನಗೆ ಸಿಟ್ಟು ಬೇಗ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದನ್ನು ಓದಿದವರು ನನ್ನ ಅಪ್ಪಯ್ಯನನ್ನೇ ದೂರಿಯಾರು. ಹೆದರಿಕೆಯಾದಾಗ ಅಳುವವರಿದ್ದಾರೆ. ನಾನು ಬೈಯುತ್ತೇನೆ.

ಕೋಟೇಶ್ವರದಲ್ಲಿ ಹೈವೇ ಅಗಲ ಮಾಡುವ ಕೆಲಸ ಇನ್ನೂ ಶುರುವಾಗಿರದ ಕಾಲ. ನಮ್ಮ ಮನೆಯ ಜಗಲಿಯಲ್ಲಿ ಒಂದು ಕಡೆ ನನ್ನ ಹೊಲಿಗೆ ಮಿಷನ್ನು, ಇನ್ನೊಂದು ಕಡೆ ಅಪ್ಪಯ್ಯನ ಬೆಂಚು. ಅಮ್ಮ ಹೋದ ಮೇಲೆ ಅವರು ನನ್ನ ಜೊತೆಗೇ ಇದ್ದರು. ಪ್ರಾಯದಲ್ಲಿ ಗಂಗೊಳ್ಳಿಯಲ್ಲೂ ಹಂಗಾರಕಟ್ಟೆಯಲ್ಲೂ ಮಂಜಿ ಕಟ್ಟಿದವರು. ಮಂಜಿ ಎಂದರೆ ಹೆಂಚು, ಅಕ್ಕಿ ಹೇರಿಕೊಂಡು ಹಾಯಿ ಬಿಚ್ಚಿ ಮುಂಬಯಿ ಕಡೆಗೆ ಹೋಗುತ್ತಿದ್ದ ಮರದ ಹಡಗು. ಲಾರಿಗಳು ಹೆಚ್ಚಾದ ಮೇಲೆ ಮಂಜಿಯ ಕೆಲಸ ನಿಂತಿತು. ಅಪ್ಪಯ್ಯ ಬಾಗಿಲು, ಕಿಟಕಿ ಮಾಡಿಕೊಂಡು ನನ್ನನ್ನೂ ತಮ್ಮನನ್ನೂ ಸಾಕಿದರು.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಅಪ್ಪಯ್ಯ ಯಾಕೋ ಒಂಥರಾ ಆದರು. ಒಂದು ದಿನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದರು. ಇನ್ನೊಂದು ದಿನ ಹೆಮ್ಮಾಡಿಗೆಂದು ಹೊರಟವರು ಕುಂದಾಪುರದಲ್ಲಿ ಶಂಕರನಾರಾಯಣಕ್ಕೆ ಹೋಗುವ ಬಸ್ಸು ಹತ್ತಿ ಕುಳಿತರು. ನಾನು ನಗಾಡಿ ಸುಮ್ಮನಾದೆ. ಆದರೆ ಒಂದು ಮಧ್ಯಾಹ್ನ ಅಂಗಡಿಯಿಂದ ನೂಲು ತಂದು ಹೊಸಿಲಲ್ಲಿ ನಿಂತಿದ್ದೆ. ಅಪ್ಪಯ್ಯ ಬೆಂಚಿನಿಂದ ತಲೆಯೆತ್ತಿ ನನ್ನ ಮುಖವನ್ನೇ ನೋಡಿ, ಯಾರೋ ಗಿರಾಕಿಯನ್ನು ಕೂರಲು ಕರೆಯುವಂತೆ ಭಾರಿ ಮರ್ಯಾದೆಯಿಂದ ಹೇಳಿದರು:

"ಬನ್ನಿ, ಕೂಕಣಿ. ಮಗಳ್ ಮನೇಲಿಲ್ಲೆ."

ಕೈಯಲ್ಲಿದ್ದ ಚೀಲ ಬಿತ್ತು. "ಎಂತ ಅಪ್ಪಯ್ಯ, ನಾನಲ್ದಾ?" ಎಂದು ಗದರಿದೆ. "ಓ, ನೀನಾ" ಎಂದು ಅವರು ತಲೆ ತಗ್ಗಿಸಿದರು.

ನನ್ನ ದೊಡ್ಡಪ್ಪ, ಅಪ್ಪಯ್ಯನ ಅಣ್ಣ, ಹೀಗೆಯೇ ಶುರು ಮಾಡಿದ್ದು. ಮೊದಲು ಬಸ್ಸು ತಪ್ಪಿತು, ಆಮೇಲೆ ಮಾತು ತಪ್ಪಿತು. ಕೊನೆಯ ಮೂರು ವರ್ಷ ಹೆತ್ತ ಮಗಳ ಕೈಯಲ್ಲಿ ಉಣ್ಣುತ್ತ, ನೀನು ಯಾರ ಮನೆಯವಳು ಎಂದು ಅವಳನ್ನೇ ಕೇಳುತ್ತಿದ್ದರು. ಅಪ್ಪಯ್ಯನೂ ನನ್ನನ್ನು ಮರೆಯುತ್ತಾರೆ ಎಂಬ ಯೋಚನೆ ಬಂದ ದಿನದಿಂದ ನನ್ನ ಹೊಲಿಗೆ ಸೊಟ್ಟಗಾಗತೊಡಗಿತು.

ಅವರಿಗೆ ಹೇಳದೆ ನಾನೊಬ್ಬಳೇ ಕುಂದಾಪುರದ ಡಾಕ್ಟರರ ಹತ್ತಿರ ಹೋಗಿ ಎಲ್ಲ ಒದರಿದೆ. ಅವರು ತಾಳ್ಮೆಯಿಂದ ಕೇಳಿದರು. "ಏನಾದರೂ ಕೆಲಸ ಕೊಟ್ಟು ನೋಡಿ. ಒಂದಾದ ಮೇಲೆ ಒಂದು ಕ್ರಮವಾಗಿ ಮಾಡ್ತಾರಾ ಗಮನಿಸಿ. ಕ್ರಮ ತಪ್ಪಿದರೆ ತಡ ಮಾಡದೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ತಲೆ ಸ್ಕ್ಯಾನ್ ಮಾಡ್ಸುವ" ಎಂದರು.

ಅದೇ ವಾರ ತಮ್ಮ ರಜೆಯಲ್ಲಿ ಬಂದ. ಅವನು ಸರಕಿನ ಹಡಗಿನಲ್ಲಿ ಅಡುಗೆಯವನು. ಯಾವುದೋ ಬಂದರಿನಿಂದ ಅಪ್ಪಯ್ಯನಿಗೆಂದು ಒಂದು ಪೆಟ್ಟಿಗೆ ತಂದಿದ್ದ. ಮುಚ್ಚಳದ ಮೇಲೆ ಮೂರು ಕಂಬದ ಹಾಯಿ ಹಡಗಿನ ಚಿತ್ರ. ಒಳಗೆ ಕತ್ತರಿಸಿಟ್ಟ ಮರದ ಚೂರುಗಳು, ತೆಳು ಪಟ್ಟಿಗಳು, ದಾರ, ಹಾಯಿಗೆ ಬಟ್ಟೆ, ಜೊತೆಗೊಂದು ಇಂಗ್ಲಿಷ್ ಪುಸ್ತಕ.

"ಎಲ್ಲ ಕತ್ರಿಸಿ ಇಟ್ಟಿರ್ ಅಪ್ಪಯ್ಯ. ಅಂಟ್ಸಿರೆ ಆಯ್ತ್" ಎಂದ ತಮ್ಮ.

ಅಪ್ಪಯ್ಯ ಒಂದು ಪಟ್ಟಿಯನ್ನು ಬೆರಳಿನಲ್ಲಿ ಸವರಿ, ಬಗ್ಗಿಸಿ, ಮೂಸಿ ನೋಡಿದರು. "ಮರ ಹಗೂರ. ಅಡ್ಡಿಲ್ಲೆ" ಎಂದರು. ತಮ್ಮ ರಜೆ ಮುಗಿಸಿ ಹೋದ, ಕೆಲಸ ಶುರುವಾಯಿತು.

ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ. ಪುಸ್ತಕದಲ್ಲಿ ನಂಬರ್ ಹಾಕಿದ ಚಿತ್ರಗಳಿದ್ದವು. ಒಂದನೆಯದರಲ್ಲಿ ತಳದ ಉದ್ದ ಮರ. ಎರಡನೆಯದರಲ್ಲಿ ಆ ಮರಕ್ಕೆ ಅಡ್ಡಲಾಗಿ ಸಿಕ್ಕಿಸಿದ ಹನ್ನೆರಡು ಎಲುಬುಗಳು, ಅಂದರೆ ಹಡಗಿನ ಹೊಟ್ಟೆಯನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಅಡ್ಡ ಮರಗಳು. ಅದಾದ ಮೇಲೆಯೇ ಅವುಗಳ ಮೇಲೆ ಹಲಗೆಯಂತೆ ಪಟ್ಟಿ ಅಂಟಿಸಬೇಕು. ಇಂಗ್ಲಿಷ್ ಬರದ ನನಗೂ ಅರ್ಥವಾಗುವಷ್ಟು ಸುಲಭ.

ಅಪ್ಪಯ್ಯ ಪುಸ್ತಕ ತೆರೆಯಲೇ ಇಲ್ಲ. ತಳದ ಮರವನ್ನಷ್ಟೇ ತೆಗೆದು, ಬೇಡವಾದದ್ದನ್ನು ಉಳಿಯಲ್ಲಿ ಕೆತ್ತಿ ಬಿಸಾಡಿದರು. ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಒಂದರ ಅಂಚಿಗೆ ಇನ್ನೊಂದರ ಅಂಚು ಕೂಡಿಸುತ್ತ, ನನ್ನ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ಕದ್ದು ಸಿಕ್ಕಿಸುತ್ತ ಹೋದರು. ಆಮೇಲೆ ಮೀನೆಣ್ಣೆ ಬೇರೆ ಹಚ್ಚಿದರು. ಮದುವೆ ರವಿಕೆ ಹೊಲಿಯಲು ಕೊಟ್ಟವರು, ಇದೆಂತ ಬಂಗುಡೆ ವಾಸನೆ ಅಂತ ಕೇಳಿದರು. ನನಗೆ ಅದು ತಲೆಗೆ ಹೋಗಲಿಲ್ಲ. ನನ್ನ ಕಣ್ಣೆಲ್ಲ ಪೆಟ್ಟಿಗೆಯ ಮೇಲೆ. ಹನ್ನೆರಡು ಎಲುಬೂ ಅದರಲ್ಲಿ ಹಾಗೇ ಬಿದ್ದಿದ್ದವು.

"ಅಪ್ಪಯ್ಯ, ಇದೆಲ್ಲ ಎಂತಕೆ ಬಾಕಿ?"

"ಅದ್ ಕಡಿಕೆ, ಆಮೇಲೆ."

"ಪುಸ್ತಕದಲ್ಲ್ ಮೊದ್ಲೇ ಇಡುಕೆ ಅಂತ ಇತ್ತಲೆ."

"ಪುಸ್ತಕ ಬರ್ದವ ಎಷ್ಟ್ ಮಂಜಿ ಕಟ್ಟಿದ್ನಂಬ್ರ್?"

ದೊಡ್ಡಪ್ಪನೂ ಹೀಗೆಯೇ, ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಿದ್ದರು. ಎಲುಬಿಲ್ಲದೆ ಹಡಗು ಕಟ್ಟುವ ಮನುಷ್ಯನ ತಲೆ ಸರಿಯಿದೆ ಎಂದು ನಾನು ಹೇಗೆ ನಂಬಲಿ? ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ, ಕುಕ್ಕಿ ಅತ್ತೆ. ಮಾರನೆಯ ದಿನ, ನನಗೆ ಬೆನ್ನು ನೋವು, ದೊಡ್ಡಾಸ್ಪತ್ರೆಗೆ ಹೋಗಬೇಕು, ಜೊತೆಗೆ ಬನ್ನಿ ಎಂದು ಸುಳ್ಳು ಹೇಳಿದೆ.

ಅಪ್ಪಯ್ಯ ಹೊರಟರು, ಅರ್ಧ ಕಟ್ಟಿದ ಹಡಗನ್ನು ನಾನು ರವಿಕೆ ಒಯ್ಯುವ ಚೀಲದಲ್ಲಿಟ್ಟುಕೊಂಡು. "ಹೆಂಗೂ ಬ್ರಹ್ಮಾವರದ ಮೇಲೇ ಹೋಪುದಲೆ. ಇಳ್ದ್, ಹಂಗಾರಕಟ್ಟಿ ಜೊತೆಗಾರನಿಗೆ ಒಂಚೂರ್ ತೋರ್ಸಿ ಹೋಪ" ಎಂದರು. ಅವರ ಜೊತೆ ಇಪ್ಪತ್ತು ವರ್ಷ ಮಂಜಿ ಕಟ್ಟಿದವರು ಅಲ್ಲಿದ್ದರು. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಸುಳ್ಳು ಹೇಳಿದವಳಿಗೆ ಜೋರು ಮಾಡಲು ಮುಖ ಎಲ್ಲಿಯದು? ಹೂಂ ಎಂದೆ.

ಜೊತೆಗಾರರು ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದರು. ಅಪ್ಪಯ್ಯ ಹಡಗನ್ನು ಅವರ ಮಡಿಲಲ್ಲಿಟ್ಟರು. ಅವರು ಅದನ್ನು ತಿರುಗಿಸಿ, ಮಗುಚಿ, ಒಳಗೆ ಬೆರಳಾಡಿಸಿದರು. ಈಗ ನಗುತ್ತಾರೆ, ಮರುಕಪಡುತ್ತಾರೆ ಎಂದು ನಾನು ಸೆರಗು ಹಿಂಡುತ್ತ ನಿಂತಿದ್ದೆ.

"ಹಲ್ಗಿ ಮುಗ್ದಿತಲ ಮಾರಾಯ. ಎಲುಬ್ ಯಾವತ್ತ್ ಇಡ್ತೆ?" ಎಂದರು ಅವರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಎಲುಬ್ ಮೊದ್ಲ್ ಅಲ್ದಾ?" ಎಂದೆ.

ಇಬ್ಬರೂ ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು, ಆದರೆ ಅದು ನನ್ನ ಮೇಲೆ. "ಯಾರ್ ಹೇಳದ್ದ್ ಹೆಣೆ ನಿಂಗೆ? ನಮ್ಮಲ್ಲ್ ಹಲ್ಗಿ ಮೊದ್ಲ್. ಹೊಟ್ಟಿ ಸಮ ಆದ್ಮೇಲೆ ಅದ್ಕೆ ತಕ್ಕ ಎಲುಬ್ ಕಡ್ದ್ ಒಳಗೆ ಕೂರ್ಸುದ್. ನಮ್ಮ್ ಅಜ್ಜನ್ ಕಾಲದಿಂದ ಹಂಗೇ" ಎಂದರು ಜೊತೆಗಾರರು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಅಪ್ಪಯ್ಯ ಯಾವ ಕ್ರಮವನ್ನೂ ತಪ್ಪಿರಲಿಲ್ಲ. ಪುಸ್ತಕದ ಕ್ರಮ ಬೇರೆ, ಇವರ ಕ್ರಮ ಬೇರೆ. ಐವತ್ತು ವರ್ಷದ ಹಿಂದೆ ಕಲಿತದ್ದನ್ನು ಒಂದು ಹೆಜ್ಜೆ ಬಿಡದೆ ನೆನಪಿಟ್ಟವರಿಗೆ ಮರೆವು ಎಂದು ನಾನು ಹಣೆಪಟ್ಟಿ ಕಟ್ಟಿದ್ದೆ.

ಹಾಗಾದರೆ ಆ ಉಪ್ಪು, ಆ ಬಸ್ಸು? ಅದನ್ನೂ ಜೊತೆಗಾರರೇ ಬಿಡಿಸಿದರು. ಹಡಗಿನ ಮೂತಿಯ ಹತ್ತಿರ ಅವರ ಬೆರಳು ನಿಂತಿತು. ಎರಡು ಪಟ್ಟಿಗಳ ನಡುವೆ ಒಂದು ಸಣ್ಣ ಸಂದಿ.

"ಹ್ವಾಯ್, ಇಲ್ಲ್ ಸಂದ್ ಬಿಟ್ಟಿದೆ. ನೀನ್ ಹಿಂಗೆಲ್ಲ ಬಿಡುವವನಲ್ಲ. ನಿಂಗೆ ಕಣ್ ಕಾಣ್ತಿಲ್ಯಾ?"

ಅಪ್ಪಯ್ಯ ಬಲೆಯ ಕಡೆಗೆ ಮುಖ ತಿರುಗಿಸಿದರು. "ಎಲ್ಲ ಹೊಗಿ ಕಂಡಂಗ್ ಆತ್ತ್. ಬೆಳ್ಕಿಗೆ ಬೆನ್ನ್ ಹಾಕಿ ನಿಂತ್ರೆ ಯಾರಂತ್ಲೂ ಗೊತ್ತಾತಿಲ್ಲೆ" ಎಂದರು. ಇಷ್ಟು ದಿನ ಹೇಳದಿದ್ದದ್ದು ಯಾಕೆ ಎಂದರೆ, ಕಣ್ಣಿಗೆ ಕತ್ತರಿ ಹಾಕುತ್ತಾರೆಂಬ ಹೆದರಿಕೆ. ಜೀವಮಾನವಿಡೀ ಬಾಚಿ, ಉಳಿ ಹಿಡಿದ ಮನುಷ್ಯ!

ನಾನು ಅಲ್ಲೇ, ಪರರ ಅಂಗಳದಲ್ಲೇ, ಬೈದೆ. ಕಣ್ಣು ಕಾಣದಿದ್ದರೆ ಹೇಳಲಿಕ್ಕೆ ಬಾಯಿಗೇನಾಗಿತ್ತು ಎಂದು ಬೈದೆ. ಬೈಯುತ್ತ ಬೈಯುತ್ತ ಅಳು ಬಂತು, ಅಳುತ್ತ ನಗುವೂ ಬಂತು. ಜೊತೆಗಾರರ ಹೆಂಡತಿ ಹೆದರಿ ಒಂದು ಲೋಟ ನೀರು ತಂದುಕೊಟ್ಟರು. ದೊಡ್ಡಾಸ್ಪತ್ರೆಗೆ ಹೋಗದೆ ವಾಪಸು ಬರುವ ಬಸ್ಸಿನಲ್ಲಿ ಅಪ್ಪಯ್ಯನಿಗೆ ಎಲ್ಲ ಒಪ್ಪಿಸಿದೆ: ಡಾಕ್ಟರು, ಸ್ಕ್ಯಾನು, ಬೆನ್ನು ನೋವಿನ ಸುಳ್ಳು, ದೊಡ್ಡಪ್ಪನ ಹಾಗೆ ಆಗುತ್ತಾರೆಂಬ ನನ್ನ ಹೆದರಿಕೆ. ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಕೋಟ ದಾಟಿದ ಮೇಲೆ, "ಕಣ್ಣಿನ್ ಡಾಕ್ಟ್ರ ಹತ್ರ ಯಾವತ್ತ್ ಹೋಪ?" ಎಂದು ಕೇಳಿದರು.

ಕುಂದಾಪುರದ ಡಾಕ್ಟರರಿಗೆ ಹೇಳಿದರೆ, ಒಮ್ಮೆ ಅಪ್ಪನನ್ನೇ ಕರೆತಂದಿದ್ದರೆ ಕಣ್ಣು ನೋಡಿದ ಕೂಡಲೇ ಗೊತ್ತಾಗುತ್ತಿತ್ತಲ್ಲ ಅಂದರು. ಅದೂ ನಿಜವೇ. ಒಂದೊಂದಾಗಿ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದ ಮೇಲೆ ಅಪ್ಪಯ್ಯ ಆ ಸಂದಿಯನ್ನು ಕಂಡು ನಾಚಿಕೊಂಡು, ಮೂತಿಯ ಪಟ್ಟಿಗಳನ್ನು ಕಿತ್ತು ಹೊಸದಾಗಿ ಕೂಡಿಸಿದರು. ಪೆಟ್ಟಿಗೆಯ ಎಲುಬುಗಳು ಆ ಹೊಟ್ಟೆಗೆ ಹೊಂದಲಿಲ್ಲ. ಹಲಸಿನ ಮರದಲ್ಲಿ ಬೇರೆಯೇ ಎಲುಬು ಕೆತ್ತಿ ಕೂರಿಸಿದರು. ಹಾಯಿ ಹೊಲಿದದ್ದು ನಾನು. ಮುಗಿದಾಗ ಅದು ಮುಚ್ಚಳದ ಮೇಲಿನ ಹಡಗಾಗಿರಲಿಲ್ಲ, ಒಂದು ಕಂಬದ ಮಂಜಿಯಾಗಿತ್ತು.

ಆಮೇಲೆ ಒಂದು ಮಧ್ಯಾಹ್ನ ನೂಲು ತಂದು ಹೊಸಿಲಲ್ಲಿ ನಿಂತಿದ್ದೆ, ಬೆಳಕಿಗೆ ಬೆನ್ನು ಹಾಕಿ. ಅಪ್ಪಯ್ಯ ಬೆಂಚಿನಿಂದ ತಲೆಯೆತ್ತಿದರು. ನನ್ನ ಮುಖವನ್ನೇ ನೋಡಿದರು.

"ಬನ್ನಿ, ಕೂಕಣಿ. ಮಗಳ್ ಮನೇಲಿಲ್ಲೆ."

ಬೈಯಲು ಬಾಯಿ ತೆರೆದೆ. ಆಗ ಅವರ ಮೀಸೆ ಅಲುಗಾಡಿದ್ದು ಕಂಡಿತು.

"ಇದ್ದಿರೆ ಬಯ್ತಿದ್ದಳ್" ಎಂದರು ಅಪ್ಪಯ್ಯ.