ಅಂಕಣಕ್ಕೆ ಉಯ್ದ ನೀರು

ಒಣಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಗೆ ಜನ ಮೂಗರಳಿಸಿ ಆಹಾ ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಮೊನ್ನೆ ಹೊಳೆನರಸೀಪುರದ ಮೈದಾನದಲ್ಲಿ ಟ್ಯಾಂಕರಿನ ಪೈಪು ಬಿಚ್ಚಿದಾಗ ಅದೇ ವಾಸನೆ ಬಂತು. ಜೊತೆಗೆ ನಮ್ಮ ಪಕ್ಕದ ಮನೆಯ ಕಾರ್ಯದರ್ಶಿಗಳೂ ನೆನಪಾದರು…

ತಾಲ್ಲೂಕಿನ ಕಬಡ್ಡಿ ಸಂಘಕ್ಕೆ ಅವರು ಕಾರ್ಯದರ್ಶಿ. ಕಬಡ್ಡಿ ಆಡಿದವರಲ್ಲ, ಮೈಕು ಹಿಡಿದವರು. ವೇದಿಕೆಯ ಕಾರ್ಪೆಟ್ ಸುಕ್ಕಾದರೆ ಅವರ ಪ್ರಾಣವೇ ಹೋಗುತ್ತಿತ್ತು. ಅಂಕಣದಲ್ಲಿ ಕಲ್ಲಿದೆಯೋ ಗಾಜಿದೆಯೋ, ಅದು ಅವರ ಘನತೆಗೆ ತಕ್ಕ ವಿಷಯವಲ್ಲ. ಆ ಕೆಲಸವೆಲ್ಲ ಆಡುವ ಹುಡುಗಿಯರದು. ನನ್ನ ಅಕ್ಕ ಪಿಯುಸಿ ಮುಗಿಸಿದ ವರ್ಷ ತಾಲ್ಲೂಕು ಪಂದ್ಯಕ್ಕೆಂದು ಅವಳ ತಂಡದವರೇ ಹಳೇಕೋಟೆಯಿಂದ ಕೆರೆಮಣ್ಣು ತರಿಸಿ, ಜರಡಿ ಹಿಡಿದು, ಮರದ ಹೊಟ್ಟು ಬೆರೆಸಿ, ಹಿಂದಿನ ದಿನವೇ ನೀರು ಚಿಮುಕಿಸಿ ಒಣಗಲು ಬಿಟ್ಟಿದ್ದರು. ಆ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಅಕ್ಕನಿಗೆ ಜಿಲ್ಲಾ ತಂಡ, ಹಾಸನದ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು. ಇಲ್ಲವಾದರೆ ಮುಂದೆ ಓದಿಸುವುದಿಲ್ಲವೆಂದು ಅಪ್ಪ ಹೇಳಿಯಾಗಿತ್ತು.

ಉದ್ಘಾಟನೆಯ ಅತಿಥಿಗಳ ಕಾರು ಬರುವ ಹೊತ್ತಿಗೆ ಗಾಳಿ ಎದ್ದು ಸ್ವಲ್ಪ ಧೂಳಾಡಿತು. ಕಾರ್ಯದರ್ಶಿಗಳು ಕಚ್ಚೆ ಕಟ್ಟಿ ಓಡಿದರು.

"ಬಿಳೀ ಪಂಚೆ ಮ್ಯಾಲೆ ಧೂಳು ಕೂತ್ರೆ ನಮ್ ಮರ್ವಾದೆ ಏನಾಯ್ತದ್ಲಾ? ಉಯ್ರಲಾ ನೀರ!"

ಅಕ್ಕ ಅಡ್ಡ ಹೋದಳು. "ಸಾ, ಜಾರ್ತದೆ ಸಾ. ಒಣಗೋಗಂಟ ಆಟ ನಿಲ್ಸಿ."

"ಆಡಾಕ್ ಬಂದಿದ್ದೀಯ, ಆಡೋಗಮ್ಮ. ಗ್ರೌಂಡ್ ಇಚಾರ ನಿಂಗ್ಯಾಕೆ?"

ಅತಿಥಿ ದೀಪ ಹಚ್ಚಿ, ಮೊದಲ ರೈಡಿಗೂ ಕಾಯದೆ ಅರಕಲಗೂಡಿನ ಯಾವುದೋ ಮದುವೆಗೆ ಹೊರಟುಹೋದರು. ಅವರ ಪಂಚೆ ಹಾಲಿನಂತಿತ್ತು. ಆಮೇಲೆ ಆ ಕೆಸರಿನಲ್ಲಿ ಆಟ. ಎದುರಾಳಿಯನ್ನು ಮುಟ್ಟಿ ತಿರುಗುವಾಗ ಅಕ್ಕನ ಕಾಲು ಜಾರಿ ಮಂಡಿ ತಿರುಚಿಕೊಂಡಿತು. ಆ ಕೂಗು…

ಕಟ್ಟಲು ಒಂದು ತುಂಡು ಬಟ್ಟೆ ಇರಲಿಲ್ಲ; ವೇದಿಕೆಗೆ ಸುತ್ತಲು ಮಾತ್ರ ಥಾನುಗಟ್ಟಲೆ ಇತ್ತು. ಇದ್ದ ಒಂದು ಜೀಪು, ಅತಿಥಿಗಳಿಗೆ ಇನ್ನೂ ದೊಡ್ಡ ಹಾರ ಬೇಕೆಂದು ಬೆಳಿಗ್ಗೆ ಚನ್ನರಾಯಪಟ್ಟಣಕ್ಕೆ ಹೋದದ್ದು ಬಂದೇ ಇರಲಿಲ್ಲ. ಥೂ! ಕಾರ್ಯದರ್ಶಿಗಳು ಮೈಕಿನಲ್ಲಿ ಅತಿಥಿಗಳಿಗೆ ಧನ್ಯವಾದ ಹೇಳುತ್ತಲೇ ಇದ್ದರು. ಅಕ್ಕನಿಗೆ ಸೀಟೂ ಇಲ್ಲ, ಓದೂ ಇಲ್ಲ.

ಹೋದ ವರ್ಷ ಆ ಕಾರ್ಯದರ್ಶಿಗಳು ತೀರಿಕೊಂಡರು. ಮೊನ್ನೆ ನಡೆದದ್ದು ಅವರದೇ ಸ್ಮಾರಕ ಪಂದ್ಯ. 'ಕ್ರೀಡೆಗಾಗಿ ಬದುಕಿದ ಜೀವ' ಎಂದು ಬ್ಯಾನರು ಬೇರೆ! ನೋಡೋಣವೆಂದು ಅಕ್ಕನೇ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಅಲ್ಲಿಯೂ ಅತಿಥಿಗಳು ಬರುತ್ತಾರೆಂದು ಅಂಕಣಕ್ಕೆ ನೀರು ಉಯ್ದರು. ಈಗಿನ ಕಾರ್ಯದರ್ಶಿ ಸೀಟಿ ಊದಲು ಸನ್ನೆ ಮಾಡಿದ.

ಅಕ್ಕ ವೇದಿಕೆಯ ಮುಂದಿದ್ದ ಒಂದು ಕುರ್ಚಿಯನ್ನು ಎಳೆದುಕೊಂಡು, ಕುಂಟುತ್ತಾ ಹೋಗಿ, ಅಂಕಣದ ನಟ್ಟನಡುವೆ ಹಾಕಿ ಕೂತಳು.

"ಏಳಮ್ಮ, ಟೈಮಾಯ್ತು!"

"ಒಣಗಲಿ. ಅಮ್ಯಾಕೆ ಏಳ್ತೀನಿ."

ಅತಿಥಿಗಳು ಗಡಿಯಾರ ನೋಡಿಕೊಂಡರು. ಆಡಬೇಕಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ನಿಂತರು. ಅಕ್ಕ ಬಲಗಾಲನ್ನು ಕೆಸರಿನ ಮೇಲೆ ನೀಳವಾಗಿ ಚಾಚಿಕೊಂಡಿದ್ದಳು. ಅದು ಅವತ್ತಿನಿಂದ ಮಡಚುವುದಿಲ್ಲ.