ಕೊಂಡಪ್ಪನವರ ತೊಡೆಯ ಮೇಲಿನ ಬಾಟಲಿ

ಮಂಜು ಇನ್ನೂ ಸ್ಕಂದಗಿರಿಯ ಸೊಂಟ ಬಿಟ್ಟು ಮೇಲೆದ್ದಿಲ್ಲ. ಚಿಕ್ಕಬಳ್ಳಾಪುರದ ಸ್ಟೇಷನ್ನಿನಲ್ಲಿ ಬೆಂಗಳೂರಿಗೆ ಹೋಗುವ ಸಣ್ಣ ರೈಲು ಹೊಗೆಯುಗುಳುತ್ತ, ಹೊರಡಲೋ ಬೇಡವೋ ಎಂಬ ಹಾಗೆ ನಿಂತಿದೆ. ಅವರೆಕಾಯಿ ಮೂಟೆ, ಕೋಳಿಬುಟ್ಟಿ, ಹೂವಿನ ಕುಕ್ಕೆಗಳ ನಡುವೆ ಖಾಕಿ ಕೋಟಿನವರೊಬ್ಬರು ಕಿಟಕಿ ಪಕ್ಕದ ಮೂಲೆ ಹಿಡಿದು ಕೂತಿದ್ದಾರೆ. ವಯಸ್ಸು ಐವತ್ತರ ಆಸುಪಾಸು. ತೊಡೆಯ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಅದರ ಮೇಲೆ ಮುಚ್ಚಳವಿಲ್ಲದ ತಗಡಿನ ಡಬ್ಬ, ಡಬ್ಬದೊಳಗೆ ಹಳೇ ಪಂಚೆಯ ಚೂರು ಸುತ್ತಿದ ಗಾಜಿನ ಬಾಟಲಿ. ಎರಡೂ ಕೈ ಅದರ ಸುತ್ತಲೇ ಇವೆ.

"ಏನಪ್ಪ ಅದು, ಜೇನುತುಪ್ಪಾನಾ?" ಎಂದು ಎದುರು ಸೀಟಿನ ಹೂವಿನವಳು ಕೇಳುತ್ತಾಳೆ.

"ಆಸ್ಪತ್ರೆ ಸಾಮಾನು ಕಣಮ್ಮ" ಎಂದಷ್ಟೇ ಹೇಳಿ ಕೊಂಡಪ್ಪ ಕಿಟಕಿಯ ಕಡೆ ತಿರುಗುತ್ತಾರೆ. ಇನ್ನೊಂದು ಮಾತು ಹೆಚ್ಚು ಹೇಳಿದರೆ ಅವಳು ಕುಕ್ಕೆ ಎತ್ತಿಕೊಂಡು ಬೇರೆ ಬೋಗಿಗೆ ಓಡುತ್ತಾಳೆಂಬುದು ಅವರ ಹನ್ನೊಂದು ವರ್ಷದ ಅನುಭವ.

ಬಾಟಲಿಯಲ್ಲಿರುವುದು ನೆಲ್ಲಿಕಾಯಿ ಗಾತ್ರದ ಒಂದು ಗಂಟು. ಮೊನ್ನೆ ಮಂಗಳವಾರ ಕಳವಾರದ ಓಬಳಮ್ಮ ಎಂಬ ಮೂವತ್ತೈದರ ಹೆಂಗಸಿನ ಎದೆಯಿಂದ ತೆಗೆದದ್ದು. ಅದು ಸುಮ್ಮನೆ ಬೆಳೆದ ಗಂಟೋ ಕ್ಯಾನ್ಸರೋ ಎಂದು ನೋಡಿ ಹೇಳುವ ಸೂಕ್ಷ್ಮದರ್ಶಕ ಇರುವುದು ಬೆಂಗಳೂರಿನಲ್ಲಿ. ಚಿಕ್ಕಬಳ್ಳಾಪುರದ ಹದಿನಾಲ್ಕು ಹಾಸಿಗೆಯ ಸಣ್ಣ ಆಸ್ಪತ್ರೆಯಿಂದ ಅಲ್ಲಿಯವರೆಗೆ, ಮೂವತ್ತಾರು ಮೈಲಿ, ಗಂಟು ಕೆಡದಂತೆ ಒಯ್ಯುವುದು ಕೊಂಡಪ್ಪನವರ ಕೆಲಸ. ವಾರಕ್ಕೊಂದು ಸಲ, ಕೆಲವು ವಾರ ಎರಡು ಸಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆಯಿಂದ ಬಂದವರ ಗಂಟುಗಳೆಲ್ಲ ಹೀಗೇ ಅವರ ತೊಡೆಯ ಮೇಲೆ ಕೂತು ಪ್ರಯಾಣ ಮಾಡಿವೆ. ಆಸ್ಪತ್ರೆಯ ಪುಸ್ತಕದ ಪ್ರಕಾರ ಇದು ಆರುನೂರ ನಲವತ್ತೊಂದನೆಯ ಬಾಟಲಿ.

ಆದರೆ ಇದು ಉಳಿದ ಬಾಟಲಿಗಳಂತಲ್ಲ. ಓಬಳಮ್ಮನ ಗಂಟನ್ನು ಕೊಂಡಪ್ಪ ಹೊರುತ್ತಿರುವುದು ಇದು ಎರಡನೆಯ ಸಲ. ಮೊದಲನೆಯದನ್ನು ಅವರೇ ಕೈಯಾರೆ ಹಾಳು ಮಾಡಿದ್ದರು.

ಮಂಚೇನಹಳ್ಳಿಯ ಆಚೆ ಕೇರಿಯಲ್ಲಿ ಹುಟ್ಟಿದ ಕೊಂಡಪ್ಪ ಓದಿದ್ದು ಮೂರನೇ ಕ್ಲಾಸು, ಅದೂ ಶಾಲೆಯ ಬಾಗಿಲಾಚೆ ಕೂತು. ಅಪ್ಪ ಆವುಲಪ್ಪ ಊರ ದನ ಕಾಯುತ್ತಿದ್ದರು. ಮಗ ಆಸ್ಪತ್ರೆಗೆ ಬಂದದ್ದು ಗಿಡಕ್ಕೆ ನೀರು ಹಾಕುವ ಕೆಲಸಕ್ಕೆ. ಅಲ್ಲಿನ ಡಾಕ್ಟರ್ ಶ್ಯಾಮಲಮ್ಮ, ಹೇಳಿದ ಹೊತ್ತಿಗೆ ಹೇಳಿದ ಕಡೆ ಇರುವ ಮನುಷ್ಯ ಇವರೊಬ್ಬರೇ ಎಂದು ಕಂಡುಕೊಂಡು, 1953ರ ಬೇಸಿಗೆಯಲ್ಲಿ ಖಾಕಿ ಕೋಟು ಕೊಟ್ಟು ಬಾಟಲಿ ಒಪ್ಪಿಸಿದರು. ಬಾಟಲಿ ತುಂಬ ಫಾರ್ಮಲಿನ್ ಎಂಬ, ಮಾಂಸ ಕೊಳೆಯದಂತೆ ಕಾಯುವ ದ್ರವವಿತ್ತು. ಮೂಗಿಗೆ ತಾಗಿದರೆ ಕಣ್ಣಲ್ಲಿ ನೀರು. ಅದು ಏಕೆ ಇದೆ ಎಂದು ಇವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಅದು ನನ್ನ ಮೂರನೇ ಪ್ರಯಾಣ. ನಂದಿ ಹಾಲ್ಟ್ ಹತ್ರ ಗಾಡಿ ಒಂದು ಕುಲುಕು ಕುಲುಕ್ತು ನೋಡಿ, ಬಿರಟೆ ಹಾರೋಯ್ತು. ಆ ನೀರೆಲ್ಲ ನನ್ನ ಪಂಚೆ ಮೇಲೆ" ಎಂದು ಕೊಂಡಪ್ಪ ನೆನೆಯುತ್ತಾರೆ. "ಪಾಪ, ಯಾರೋ ಹೆಣ್ಣುಮಗಳ ಮೈ ತುಂಡು, ಇಂಥ ಗಬ್ಬುನೀರಲ್ಲಿ ಯಾಕಿರಬೇಕು ಅನ್ನಿಸ್ತು. ನಂದಿ ನೀರು ಅಂದ್ರೆ ನಮ್ ಕಡೆ ಔಷಧಿ ಇದ್ದಂಗೆ. ಬೆಟ್ಟದಿಂದ ಇಳಿದು ಬರೋ ನೀರು. ಸ್ಟೇಷನ್ ಬಾವೀಲಿ ಸೇದಿ ಬಾಟ್ಲಿ ತುಂಬಿದೆ. ಒಳ್ಳೇದು ಮಾಡ್ದೆ ಅಂತ್ಲೇ ಅಂದ್ಕೊಂಡಿದ್ದೆ."

ಬೆಂಗಳೂರು ತಲುಪಿದರೆ ಎರಡು ದಿನ ಹಬ್ಬದ ರಜ. ಬಾಟಲಿ ಕಾವಲಿನವನ ಕೋಣೆಯಲ್ಲಿ ಏಪ್ರಿಲ್ಲಿನ ಬಿಸಿಲಿಗೆ ಕೂತಿತು. ಮೂರನೆಯ ದಿನ ತೆರೆದಾಗ ಒಳಗಿದ್ದದ್ದು ನೋಡುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಒಂದು ಸಾಲಿನ ಕಾಗದ ಬಂತು: ಗಂಟು ಕೆಟ್ಟಿದೆ, ಏನೂ ಹೇಳಲಾಗದು.

ಶ್ಯಾಮಲಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಕೊಂಡಪ್ಪ ಇವತ್ತಿಗೂ ಹೇಳುತ್ತಾರೆ. ಎದುರಿಗೆ ಕೂರಿಸಿಕೊಂಡು, "ಉರ್ಲಗಡ್ಡೆ ಕಿತ್ತಿದ್ದೀಯಾ ಕೊಂಡಪ್ಪ?" ಎಂದು ಕೇಳಿದರಂತೆ. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಆಲೂಗಡ್ಡೆ ಕೀಳದವರು ಯಾರು? ಹೂಂ ಎಂದರು ಕೊಂಡಪ್ಪ.

"ಸಾಧು ಗಂಟು ಉರ್ಲಗಡ್ಡೆ ಇದ್ದ ಹಾಗೆ. ತನ್ನ ಸಿಪ್ಪೆಯೊಳಗೆ ತಾನಿರುತ್ತೆ. ದಪ್ಪ ಆಗಬಹುದು, ಪಕ್ಕದ್ದನ್ನ ಒತ್ತಿ ತೊಂದರೆ ಕೊಡಬಹುದು, ಆದರೆ ಸಿಪ್ಪೆ ದಾಟಿ ಹೋಗಲ್ಲ. ಕಿತ್ತರೆ ಇಡಿಯಾಗಿ ಬರುತ್ತೆ. ಕ್ಯಾನ್ಸರು ಕೊನ್ನಾರಿಗಡ್ಡೆ. ಮೇಲೆ ಒಂದು ಹುಲ್ಲೆಸಳು ಕಾಣುತ್ತೆ, ಕೆಳಗೆ ಬೇರು ಬದು ದಾಟಿ ಪಕ್ಕದವರ ಹೊಲದಲ್ಲಿ ಇನ್ನೊಂದು ಗಡ್ಡೆ ಕಟ್ಟಿರುತ್ತೆ. ಕೈಯಲ್ಲಿ ಮುಟ್ಟಿ ನಾನು ಊಹೆ ಮಾಡಬಹುದು ಅಷ್ಟೆ. ಯಾವುದು ಯಾವುದು ಅಂತ ಖಂಡಿತ ಹೇಳೋಕೆ ಆ ತುಂಡು ಕೆಡದೆ ಹೋಗಬೇಕು."

ಅಂದಿನಿಂದ ಕೊಂಡಪ್ಪನವರ ಬಾಟಲಿ ಕಟ್ಟುವ ಪದ್ಧತಿಯೇ ಬೇರೆ. ಬಿರಟೆಯ ಸುತ್ತ ಜೇನುಮೇಣ ಕರಗಿಸಿ ಹುಯ್ಯುತ್ತಾರೆ. ಅದರ ಮೇಲೆ ಶಿಡ್ಲಘಟ್ಟದ ನೂಲು ತೆಗೆಯುವವರು ಬಿಸಾಡುವ ಒರಟು ರೇಷ್ಮೆ ದಾರವನ್ನು ಇಪ್ಪತ್ತೊಂದು ಸುತ್ತು ಬಿಗಿಯುತ್ತಾರೆ. ನೆಲದ ಮೇಲಿಡುವುದಿಲ್ಲ, ಸೀಟಿನ ಮೇಲಿಡುವುದಿಲ್ಲ, ಮೂರೂವರೆ ತಾಸು ಕಣ್ಣು ಮುಚ್ಚುವುದಿಲ್ಲ. ಅಷ್ಟು ವರ್ಷದ ಒಡನಾಟದಲ್ಲಿ ಗಂಟುಗಳ ವಿಚಾರ ಅವರಿಗೆ ಒಂದಿಷ್ಟು ತಿಳಿದಿದೆ. ಆದರೆ ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ.

"ಚಿಂತಾಮಣಿಯವರೊಬ್ಬರ ಬೆನ್ನ ಮೇಲೆ ಕುಂಬಳಕಾಯಷ್ಟು ಕೊಬ್ಬಿನ ಗಂಟು. ಮನೆಯವರು ಆಗ್ಲೇ ಅಳೋಕೆ ಶುರು ಮಾಡಿದ್ರು. ಅದು ಸಾಧು. ಇನ್ನೊಬ್ಬರದು ಅವರೆಕಾಳಷ್ಟೇ ಇತ್ತು, ನೋವಿಲ್ಲ ಏನಿಲ್ಲ ಅಂತ ವರ್ಷಗಟ್ಲೆ ಬಿಟ್ಟಿದ್ರು. ಅದೇ ಕೆಟ್ಟದ್ದು. ನೋವಿಲ್ದೆ ಇರೋ ಗಂಟನ್ನೂ ತೋರಿಸಿ ಅಂತ ಡಾಕ್ಟ್ರಮ್ಮ ಬಡ್ಕೋತಾನೇ ಇರ್ತಾರೆ. ಅದಕ್ಕೇ ನಾನು ಯಾರಿಗೂ ಏನೂ ಹೇಳಲ್ಲ. ಬಾಟ್ಲಿ ಹೋಗಿ ಬರ್ಲಿ ಅಂತೀನಿ."

ಕೊಂಡಪ್ಪ ಕಲಿತರು, ಸರಿ. ಕಲಿತದ್ದಕ್ಕೆ ಬೆಲೆ ತೆತ್ತವಳು ಓಬಳಮ್ಮ. "ನನಗನ್ನಿಸೋ ಹಾಗೆ ಸಾಧು ಗಂಟೇ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗು" ಎಂದು ಡಾಕ್ಟರು ಹೇಳಿದ್ದರು. ಕಳವಾರದ ಮನೆಗೆ ಕೇಳಿಸಿದ್ದು 'ಹೇಳಲಾಗದು' ಎಂಬ ಒಂದೇ ಪದ. ಗಂಡ ವೆಂಕಟರಾಮಪ್ಪ ಆಲೂಗಡ್ಡೆ ಹೊಲದಲ್ಲಿ ತಲೆ ತಗ್ಗಿಸಿಕೊಂಡು ಉಳಿದರು. ಮನೆಯ ಯಜಮಾನಿಕೆಯೆಲ್ಲ ಅತ್ತೆ ಚಿಕ್ಕವೆಂಕಟಮ್ಮನದು. ಏಳು ತಿಂಗಳ ಮಗು ಆದಿಲಕ್ಷ್ಮಿಯನ್ನು ತಾಯಿಯ ಎದೆಯಿಂದ ಬಿಡಿಸಿ ಮೇಕೆಹಾಲಿಗೆ ಹಾಕಿದರು. ಓಬಳಮ್ಮನ ಚಾಪೆ ಕೊಟ್ಟಿಗೆ ಪಕ್ಕದ ಜಗುಲಿಗೆ ಬಂತು. ಅವಳಿಗೆಂದೇ ಒಂದು ಅಲ್ಯೂಮಿನಿಯಂ ತಟ್ಟೆ, ಅಂಚು ನೆಗ್ಗಿದ್ದು, ಬೇರೆಯಾಯಿತು. ಸಾಧು ಗಂಟಾಗಲಿ ಕ್ಯಾನ್ಸರಾಗಲಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಶ್ಯಾಮಲಮ್ಮ ಹೇಳಿ ಕಳಿಸಿದ್ದು ಗಾಳಿಗೆ ಹೋಯಿತು.

ಮೂರು ತಿಂಗಳಾದರೂ ಓಬಳಮ್ಮ ಬರದಿದ್ದಾಗ ಕರೆತರಲು ನಡೆದುಹೋದವರು ಕೊಂಡಪ್ಪ. ಜಗುಲಿಯ ಕೆಳಗೆ ನಿಂತು, ಬಾವಿನೀರು ತುಂಬಿದ್ದು ತಾನೇ ಎಂದು ಒಪ್ಪಿಕೊಂಡರು. ಓಬಳಮ್ಮ ಬಾಗಿಲ ಕಡೆ ನೋಡಿದಳು. ಒಳಗೆ ಮಗು ಅಳುತ್ತಿತ್ತು.

"ಒಳ್ಳೇ ನೀರು ಅಂತ ಹಾಕಿದ್ದೀಯ. ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ಬಿಡಪ್ಪ" ಎಂದಳು.

ಅವಳು ಆಗ ಮುದ್ದೆ ಮುರಿಯುತ್ತಿದ್ದಳು. ಹಸಿವಾಗಿದೆ, ನಿನ್ನ ತಟ್ಟೆಯಲ್ಲೇ ಒಂದು ತುತ್ತು ಕೊಡು ಎಂದು ಕೊಂಡಪ್ಪ ಕೇಳಿದರು. ಮೂರು ಮೈಲಿ ನಡೆದ ಹಸಿವೇನೋ ನಿಜ, ಆದರೆ ಕೇಳಿದ್ದು ಅದಕ್ಕಲ್ಲ. "ಬೇರೆ ತಟ್ಟೆ ಅಂದ್ರೇನು ಅಂತ ನಂಗೆ ಯಾರೂ ಹೇಳ್ಕೊಡಬೇಕಾಗಿರ್ಲಿಲ್ಲ ಸ್ವಾಮಿ" ಎನ್ನುತ್ತಾರೆ. ಚಿಕ್ಕವೆಂಕಟಮ್ಮ ಬಾಗಿಲಿಗೆ ಬಂದು, ರೋಗದ ತಟ್ಟೆಗೆ ಕೇರಿಯವನ ಕೈಯೂ ತಾಗಿತಲ್ಲ, ಯಾವುದಕ್ಕೆ ಮೊದಲು ಕೂಗಾಡಬೇಕೆಂದು ತಿಳಿಯದೆ ಸುಮ್ಮನೆ ಒಳಗೆ ಹೋದರಂತೆ. ಇದನ್ನು ಹೇಳುವಾಗ ಮಾತ್ರ ಕೊಂಡಪ್ಪ ನಗುತ್ತಾರೆ.

ಆಮೇಲೆ ಮೂರು ತಿಂಗಳಿಗೊಮ್ಮೆ ಹೋಗುವುದು, ಅದೇ ತಟ್ಟೆಯಲ್ಲಿ ಉಣ್ಣುವುದು ನಡೆದೇ ಇತ್ತು. ಮೂರನೆಯ ವರ್ಷದ ಹೊತ್ತಿಗೆ, ಅವಳ ತಟ್ಟೆಯಲ್ಲಿ ಉಂಡೂ ಕೊಂಡಪ್ಪ ಕಲ್ಲುಗುಂಡಿನಂತಿದ್ದಾನಲ್ಲ ಎಂದು ಊರವರು ಆಡಿಕೊಳ್ಳಲು ಶುರುಮಾಡಿದರು. ಓಬಳಮ್ಮನ ಚಾಪೆ ಒಳಗೆ ಹೋಯಿತು. ಮಗಳು ಅಮ್ಮನ ಪಕ್ಕ ಮಲಗತೊಡಗಿದಳು. ತಟ್ಟೆಯನ್ನು ಮಾತ್ರ ಅತ್ತೆ ಬಿಸಾಡಲಿಲ್ಲ, ಅಟ್ಟಕ್ಕೆ ಹಾಕಿದರು.

ಕಳೆದ ತಿಂಗಳು ಓಬಳಮ್ಮನ ಇನ್ನೊಂದು ಕಡೆಯ ಎದೆಯಲ್ಲಿ ಹೊಸ ಗಂಟು ಕೈಗೆ ಸಿಕ್ಕಿತು. ತಟ್ಟೆ ಅಟ್ಟದಿಂದ ಇಳಿಯಿತು. ಹನ್ನೊಂದು ತುಂಬಿದ ಆದಿಲಕ್ಷ್ಮಿಗೆ ಅಮ್ಮನ ಹತ್ತಿರ ಹೋಗಕೂಡದೆಂದು ಅಪ್ಪಣೆಯಾಯಿತು. ಈ ಸಲ ಓಬಳಮ್ಮ ಯಾರೂ ಕರೆಯುವ ಮೊದಲೇ ಒಬ್ಬಳೇ ನಡೆದು ಆಸ್ಪತ್ರೆಗೆ ಬಂದಳು. ಗಂಟು ತೆಗೆದ ಮೇಲೆ, ಬಾಟಲಿಯನ್ನು ಬೇರೆ ಯಾರಾದರೂ ಒಯ್ಯಲಿ, ನನ್ನ ಕೈಯಲ್ಲಿ ಒಮ್ಮೆ ಕೆಟ್ಟದ್ದು ಸಾಕು ಎಂದು ಕೊಂಡಪ್ಪ ಡಾಕ್ಟರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು.

"ಕೊಂಡಪ್ಪನೇ ತಗೊಂಡೋಗ್ಲಿ" ಎಂದಳು ಹಾಸಿಗೆಯಿಂದಲೇ. "ಅದು ಕೆಟ್ಟೋದ್ರೆ ಏನಾಗ್ತದೆ ಅಂತ ಅವನಷ್ಟು ಗೊತ್ತಿರೋರು ಯಾರವ್ರೆ?"

ಹಾಗಾಗಿ ಈ ಗುರುವಾರದ ರೈಲು. ನಂದಿ ಹಾಲ್ಟ್ ಬರುತ್ತದೆ. ಜನ ಇಳಿದು ಬಾವಿಕಟ್ಟೆಯ ಹತ್ತಿರ ಬೊಗಸೆಯೊಡ್ಡಿ ನೀರು ಕುಡಿಯುತ್ತಾರೆ. ಕೊಂಡಪ್ಪ ಏಳುವುದಿಲ್ಲ. ಹೆಂಡತಿ ಆಂಜಿನಮ್ಮ ಮನೆಯಿಂದ ಕೊಟ್ಟ ಚೊಂಬಿನಲ್ಲಿ ಎರಡು ಗುಟುಕು ಕುಡಿಯುತ್ತಾರೆ. ನಂದಿಯ ನೀರು ಅವರು ಮುಟ್ಟಿ ಹನ್ನೊಂದು ವರ್ಷವಾಗಿದೆ. ಗಾಡಿ ಕುಲುಕಿದಾಗಲೆಲ್ಲ ಬೆರಳು ತಾನಾಗಿ ಮೇಣವನ್ನು ಸವರಿ ನೋಡುತ್ತದೆ. ದೇವನಹಳ್ಳಿ, ಯಲಹಂಕ, ಬೆಂಗಳೂರು. ಪರೀಕ್ಷಾಲಯದ ಕಿಟಕಿಯಲ್ಲಿ ಬಾಟಲಿ ಒಪ್ಪಿಸುತ್ತಾರೆ, ಬೆಳಕಿಗೆ ಹಿಡಿದು ನೋಡಿದ ಗುಮಾಸ್ತ "ಚೆನ್ನಾಗಿದೆ" ಎನ್ನುತ್ತಾನೆ. ಆ ಒಂದು ಮಾತಿಗೆ ಅವರು ಕೈ ಮುಗಿಯುತ್ತಾರೆ.

ಉತ್ತರ ಸಿಗುವುದು ಮುಂದಿನ ಗುರುವಾರ. ಅಂಟಿಸಿದ ಲಕೋಟೆ, ಒಳಗೆ ಇಂಗ್ಲಿಷು. ಎರಡೂ ಅವರಿಂದ ತೆರೆಯಲಾಗದ್ದು. ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಮೂರೂವರೆ ತಾಸು ವಾಪಸು ಬರುವುದಿದೆಯಲ್ಲ, ಬಾಟಲಿ ಹೊರುವುದಕ್ಕಿಂತ ಅದೇ ಭಾರ ಎನ್ನುತ್ತಾರೆ.

ಶ್ಯಾಮಲಮ್ಮ ಲಕೋಟೆ ಹರಿದು ಓದುತ್ತಾರೆ. ಕನ್ನಡಕ ತೆಗೆಯುತ್ತಾರೆ.

"ಉರ್ಲಗಡ್ಡೆ, ಕೊಂಡಪ್ಪ."

ಕೊಂಡಪ್ಪ ಅಲ್ಲೇ ಗೋಡೆಗೊರಗಿ ಕೂತುಬಿಡುತ್ತಾರೆ. ಕಣ್ಣಲ್ಲಿ ಬಂದದ್ದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಮೊದಲನೆಯ ಗಂಟು ಯಾವ ಬಗೆಯದಾಗಿತ್ತೆಂದು ಇನ್ನು ಯಾರೂ ಹೇಳಲಾರರು. ಹನ್ನೊಂದು ವರ್ಷ ಓಬಳಮ್ಮ ಗಟ್ಟಿಮುಟ್ಟಾಗಿರುವುದು ನೋಡಿದರೆ ಅದೂ ಸಾಧುವೇ ಇದ್ದಿರಬೇಕು ಎನ್ನುತ್ತಾರೆ ಡಾಕ್ಟರು.

ಸಂಜೆ ಬಿಸಿಲಿರುವಾಗಲೇ ಕೊಂಡಪ್ಪ ಕಳವಾರ ತಲುಪುತ್ತಾರೆ. ಕಾಗದವನ್ನು ಚಿಕ್ಕವೆಂಕಟಮ್ಮ ಕೈಗೆ ತೆಗೆದುಕೊಂಡು ತಲೆಕೆಳಗಾಗಿ ಹಿಡಿದು ನೋಡುತ್ತಾರೆ. ಕಣ್ಣು ಮಂಜಾದ ಮುದುಕಿ, ಮೇಲಾಗಿ ಓದು ಬಾರದು.

"ಏಮಯ್ಯಾ ಕೊಂಡಪ್ಪ, ಈ ಸಲ ನೀರು ಹಾಕಿಲ್ಲ ತಾನೆ?"

"ಇಲ್ಲಮ್ಮ."

"ನಿಜವಾಗ್ಲೂ?"

"ನನ್ನ ಆಂಜಿನಮ್ಮನ ಆಣೆ. ಸಾಧು ಗಂಟು ಅಂತ ಡಾಕ್ಟ್ರಮ್ಮ ಓದಿ ಹೇಳವ್ರೆ. ಯಾರಿಗೂ ಅಂಟೋದಲ್ಲ, ಇನ್ನೊಂದು ಕಡೆಗೆ ಹರಿಯೋದೂ ಅಲ್ಲ."

ಬಾಗಿಲ ಹಿಂದೆ ನಿಂತಿದ್ದ ಆದಿಲಕ್ಷ್ಮಿ ಅಜ್ಜಿಯ ಮುಖ ನೋಡುತ್ತಾಳೆ. ಅಜ್ಜಿ ಹೋಗು ಎನ್ನುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ. ಹುಡುಗಿ ಓಡಿ ಜಗುಲಿಯ ಮೇಲಿದ್ದ ಅಮ್ಮನ ಮಡಿಲಿಗೆ ತಲೆಯಿಡುತ್ತಾಳೆ. ಹೊಲಿಗೆ ಇನ್ನೂ ಮಾಯದ ಎದೆ, ಓಬಳಮ್ಮ ಹಲ್ಲು ಕಚ್ಚುತ್ತಾಳೆ, ಆದರೆ ಮಗಳನ್ನು ಸರಿಸುವುದಿಲ್ಲ.

ಚಿಕ್ಕವೆಂಕಟಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ನೆಗ್ಗಿದ ಅಂಚಿನ ಆ ತಟ್ಟೆಯನ್ನು ಎತ್ತಿ ಕೊಂಡಪ್ಪನವರ ಕಡೆ ಚಾಚುತ್ತಾರೆ. ಹನ್ನೊಂದು ವರ್ಷದಲ್ಲಿ ಅವರು ಕೊಂಡಪ್ಪನವರ ಕೈಗೆ ಕೈಯಾರೆ ಏನನ್ನಾದರೂ ಕೊಡುತ್ತಿರುವುದು ಇದೇ ಮೊದಲು. "ತಗೊಂಡೋಗಿ ಎಲ್ಲಾದ್ರೂ ಹಾಕು. ನಮ್ಮನೇಲಿ ಇದಕ್ಕೆ ಕೆಲಸ ಇಲ್ಲ" ಎನ್ನುತ್ತಾರೆ.

ಕೊಂಡಪ್ಪ ತಟ್ಟೆಯನ್ನು ಪಂಚೆಯ ಚುಂಗಿನಲ್ಲಿ ಒರೆಸುತ್ತಾರೆ. ತಿರುಗಿಸಿ ನೋಡಿ ಅಳತೆ ಸರಿಯಿದೆ ಎಂಬಂತೆ ತಲೆಯಾಡಿಸಿ ಕಂಕುಳಲ್ಲಿಟ್ಟುಕೊಳ್ಳುತ್ತಾರೆ.

"ಹಾಕೋದು ಯಾಕಮ್ಮ" ಎನ್ನುತ್ತಾರೆ. "ಬರೋ ಗುರುವಾರ ಇನ್ನೊಂದು ಬಾಟ್ಲಿ ಹೋಗ್ಬೇಕು, ಇದರಲ್ಲಿ ನಿಲ್ಲಿಸ್ಕೊಂಡು ಕೂತ್ಕೋತೀನಿ. ಒಂದು ತೊಟ್ಟು ಸೋರಿದ್ರೂ ಕಣ್ಣಿಗೆ ಕಾಣ್ತದೆ."